ಏಳನೆಯದು

ನೂರಾ ಆರು ವರ್ಷಗಳ ಬಳಿಕ ಮರುಶೋಧ,
ಎಂದು ಅಚ್ಚಾಗಿತ್ತು ಪತ್ರಿಕೆಯಲ್ಲಿ.
ಉಗುರಿನಷ್ಟು ಬಸವನಹುಳುವಿನ ಚಿತ್ರ,
ಪಕ್ಕದಲ್ಲಿ ಅಳತೆಗೊಂದು ನಾಣ್ಯ.
ಫ್ಲೋರೆಸ್ ದ್ವೀಪದ ದೆಯೊಲಿಂಡ
ಅದೇ ಹಾಳೆಯ ಮೇಲೆ ಮೀನು ಹೆರೆಯುತ್ತ ಕೇಳಿದಳು:
'ಕಳೆದದ್ದು ಯಾವಾಗ?'

ಅವಳ ಕೋಸಿನ ಪಾತಿಯಲ್ಲಿ ಅದು
ದಿನಾ ಬೆಳಿಗ್ಗೆ ಇತ್ತು.
ಎಲೆ ಮಗುಚಿ, ಎರಡು ಬೆರಳಲ್ಲಿ ಕಿತ್ತು,
ಕಪ್ಪುಕಲ್ಲಿನ ಗೋಡೆಯಾಚೆ ಎಸೆದು
ಲಂಗಕ್ಕೆ ಕೈ ಒರೆಸಿಕೊಂಡರೆ ಮುಗಿಯಿತು.
ಲ್ಯಾಟಿನ್ನಿನಲ್ಲಿ ಅದಕ್ಕೊಂದು ಹೆಸರಿದೆ,
ಹೆಸರಿನ ಮುಂದೆ ಗೋರಿಯ ಗುರುತಿದೆ ಎಂದು
ಯಾರು ಕಂಡಿದ್ದರು?

ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ
ಅನ್ನುತ್ತೇವೆ ನಾವು.
ಕೂಸನ್ನು ಯಾರೂ ಕೇಳುವುದಿಲ್ಲ.

ಧಾರಾಳವಾಗಿಯೇ ಬಳಸುತ್ತೇವೆ ಈ ಮಾತನ್ನು:
ಜ್ವರ ಬಿಟ್ಟ ನಾಲಿಗೆಗೆ ತಿಳಿಸಾರು ಸಿಕ್ಕಾಗ,
ಐವತ್ತಕ್ಕೆ ಮತ್ತೆ ಹತ್ತಿದ ಸೈಕಲ್ಲಿನ ಮೇಲೆ
ಮೊಣಕಾಲು ತನ್ನ ವಯಸ್ಸು ತಪ್ಪಿ ಹೇಳಿದಾಗ.
ಮರು ಎಂದರೆ ಇನ್ನೊಮ್ಮೆ.
ಮರೆ ಎಂದರೆ ಅಡ್ಡ ಕಟ್ಟಿದ ತೆರೆ,
ಮರೆ ಎಂದರೆ ನೆನಪಿನಿಂದ ಜಾರುವುದೂ ಹೌದು.
ಬಚ್ಚಿಟ್ಟ ಜಾಗದಲ್ಲೇ ಮರೆತು ಬಂದ
ಭಾಷೆ ನಮ್ಮದು.

ಇರಲಿ. ಕೊಯಿಂಬ್ರಾದಿಂದ ತೆಲ್ಮೊ ಬಂದ,
ಹಣೆಗೆ ದೀಪ ಕಟ್ಟಿಕೊಂಡ ಹುಡುಗ,
ಒದ್ದೆ ಮಣ್ಣಲ್ಲಿ ಬೋರಲು ಮಲಗಿ ಕೇಳಿದ:
'ಮೊದಲು ಕಂಡದ್ದು ಯಾವ ವರ್ಷ, ಅಜ್ಜಿ?'
'ಕಂಡಿಲ್ಲ ಮಗಾ. ಕಿತ್ತಿದ್ದೇನೆ.'
ಅವನು ಮಸೂರ ಕೊಟ್ಟ.
ಚಿಪ್ಪಿನ ಮೇಲೆ ಚಹಾ ಬಣ್ಣದ ಗೆರೆ,
ಗೆರೆಯ ಸುತ್ತ ಇನ್ನೊಂದು, ಒಳಗೊಳಗೆ,
ಮೆಲ್ಲನೆ ಚಾಚಿದ ಕೋಡಿನ ತುದಿಯಲ್ಲಿ ಒಂದು ಕಣ್ಣು
ಅವಳನ್ನೇ ನೋಡಿ ಒಳಗೆ ಹೋಯಿತು.
'ಅಯ್ಯೋ, ನೀನಾ!' ಅಂದಳು,
ಯಾರಿಗೋ ಅನ್ನುವ ಹಾಗೆ.

ಸೊಸೆ ಬಿಟ್ಟುಹೋದ ಕೆಂಪು ಉಗುರುಬಣ್ಣದಲ್ಲಿ
ಚಿಪ್ಪುಗಳಿಗೆ ಅಂಕಿ ಬರೆದ ತೆಲ್ಮೊ, ಒಂದರಿಂದ ಇಪ್ಪತ್ತು.
ಎಸೆಯಬೇಡಿ ಎಂದು ಕೈಮುಗಿದು ಹೋದ.
ಆದರೆ ಕೈಗೆ ಅದರದ್ದೇ ಬುದ್ಧಿ:
ಮೂರನೆಯ ಬೆಳಿಗ್ಗೆ ಏಳನೆಯದು ಗೋಡೆ ದಾಟಿ ಹಾರಿತು.
ಮರುದಿನ ಅದೇ ಎಲೆಯ ಮೇಲಿತ್ತು, ಏಳು.
ಗೋಡೆ ಹತ್ತಿ ಇಳಿಯಲು ಅದಕ್ಕೆ ವಾರ ಬೇಕು,
ಹುಡುಗ ಲೆಕ್ಕ ಹಾಕಿ ಹೇಳಿದ್ದ.

ಗೋಡೆಯಾಚೆ ಇದಲಿನಾ. ತಂಗಿ.
ಅಪ್ಪ ಸತ್ತ ವಾರ, ಒಂದು ಹಸು, ಎರಡು ಹಗ್ಗ.
ಅಲ್ಲಿಂದ ಹತ್ತೊಂಬತ್ತು ವರ್ಷ ಮಾತಿಲ್ಲ.

ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ,
ಇವಳು ಅತ್ತ, ಅವಳು ಇತ್ತ.
ಅಂಗಡಿಯಲ್ಲಿ ಹುಳುವಿನ ವಿಷ ಸಿಗುತ್ತಿತ್ತು, ನೀಲಿ ಡಬ್ಬಿ,
ಇಬ್ಬರೂ ಕೊಳ್ಳಲಿಲ್ಲ.
ಸತ್ತೇಹೋದರೆ
ಎಸೆಯಲು ಏನುಳಿದೀತು?

ತೆಲ್ಮೊನ ವರದಿಯಲ್ಲಿ ಇದಿಲ್ಲ.
'ಅನುಕೂಲಕರ ಆವಾಸ' ಎಂದು ಬರೆದ ಪಾಪ,
ನಾಲ್ಕು ನಕ್ಷೆ ಹಾಕಿ.

ಆ ಸಂಜೆ ದೆಯೊಲಿಂಡ ಮಸೂರ ಹಿಡಿದು
ಏಳನೆಯದನ್ನು ಬಹಳ ಹೊತ್ತು ನೋಡಿದಳು.
ಆಮೇಲೆ ಎಸೆಯಲಿಲ್ಲ,
ಗೋಡೆಯ ಮೇಲೆ ಇಟ್ಟಳು,
ನೆತ್ತಿಯ ಮೇಲೆ, ನಡುವೆ.

ಬೆಳಿಗ್ಗೆ ಕಲ್ಲಿನ ಮೇಲೆ ಒಂದು ಬೆಳ್ಳಿ ದಾರಿ
ಆಚೆಗೆ ಇಳಿದಿತ್ತು.
ಗಂಟಲು ಸರಿಮಾಡಿಕೊಂಡು, ಕೋಸನ್ನು ಕೇಳುವ ಹಾಗೆ ಕೇಳಿದಳು:
'ಏಳನೆಯದು ಅಲ್ಲಿದೆಯಾ?'

ಆಚೆ ಗುದ್ದಲಿಯ ಸದ್ದು ನಿಂತಿತು.
ದೂರದಲ್ಲಿ ಯಾರದೋ ಹಾಲಿನ ಕ್ಯಾನು ಉರುಳಿತು.
ಕೊನೆಗೆ ಬಂದ ದನಿ ತಂಗಿಯದಾಗಿರಲಿಲ್ಲ,
ಅಮ್ಮನದು. ವಯಸ್ಸು ಅಷ್ಟೂ ಬದಲಿಸಿತ್ತು:

'ಇದೆ. ತಿನ್ನುತ್ತಿದೆ. ತಿನ್ನಲಿ ಬಿಡು.'